‘ತೋರಿಸಿದ್ದರೆ ತಡೆಯಬಹುದಿತ್ತು’ ಅನ್ನುವವರಿಗೆ

ಪ್ರಶ್ನೆ: ರುವಾಂಡಾದ ಸಿನಿಮಾ ನೋಡಿ ಅತ್ತೆವು ಅಂದರೆ, ಆ ಸಿನಿಮಾ ನಮ್ಮನ್ನು ಮೂಕಪ್ರೇಕ್ಷಕರನ್ನಾಗಿ ಮಾಡಿತು ಅಂತ ನೀವು ಹೇಳುತ್ತೀರಿ. ಆದರೆ 1994ರಲ್ಲಿ ಅಲ್ಲಿ ಹುಟು ಉಗ್ರರು ಅಲ್ಪಸಂಖ್ಯಾತ ಟುಟ್ಸಿಗಳನ್ನು ಕೊಲ್ಲುತ್ತಿದ್ದಾಗ ಜಗತ್ತಿಗೆ ಗೊತ್ತಾಗದೇ ಹೋಗಿದ್ದಕ್ಕೇ ತಾನೇ ಅಷ್ಟು ಜನ ಸತ್ತಿದ್ದು? ಆಗಲೇ ತೋರಿಸಿದ್ದರೆ ಯಾರಾದರೂ ತಡೆಯುತ್ತಿದ್ದರು ಅಲ್ವಾ?

ಉತ್ತರ: ‘ಹೋಟೆಲ್ ರುವಾಂಡಾ’ ಬಗ್ಗೆ ಎಲ್ಲಿ ಮಾತಾಡಿದರೂ ಈ ಪ್ರಶ್ನೆ ಬಂದೇ ಬರುತ್ತದೆ. ನಾನು ಸಿನಿಮಾದ ವಿಷಯ ಶುರು ಮಾಡುತ್ತೇನೆ, ಎರಡನೇ ವಾಕ್ಯಕ್ಕೆ ಯಾರಾದರೂ ‘ಪಾಪ, ಆಗ ಯಾರಿಗೂ ಗೊತ್ತಿರಲಿಲ್ಲ’ ಅಂತಾರೆ, ಅಲ್ಲಿಗೆ ಚರ್ಚೆ ನಿಂತುಹೋಗುತ್ತದೆ. ಆದ್ದರಿಂದ ಈ ಸಲ ಅದನ್ನು ಬೇರುಸಮೇತ ಕಿತ್ತು ಆಮೇಲೆ ಸಿನಿಮಾಕ್ಕೆ ಬರುತ್ತೇನೆ.

ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು.

ರುವಾಂಡಾದ ರಾಜಧಾನಿ ಕಿಗಾಲಿಯಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಗೆ ಕಮಾಂಡರ್ ಆಗಿದ್ದವರು ಕೆನಡಾದ ರೋಮಿಯೋ ಡಲೇರ್. ಅವರು 1994ರ ಜನವರಿ 11ರಂದೇ, ಅಂದರೆ ಹತ್ಯೆ ಶುರುವಾಗುವ ಮೂರು ತಿಂಗಳ ಮೊದಲೇ, ನ್ಯೂಯಾರ್ಕಿನ ವಿಶ್ವಸಂಸ್ಥೆ ಕಚೇರಿಗೆ ಸಂದೇಶ ಕಳಿಸಿದ್ದರು. ಟುಟ್ಸಿಗಳ ಹೆಸರು ಪಟ್ಟಿ ಮಾಡುತ್ತಿದ್ದಾರೆ, ಆಯುಧ ಬಚ್ಚಿಟ್ಟ ಜಾಗದ ಸುಳಿವು ಸಿಕ್ಕಿದೆ, ಹೋಗಿ ವಶ ಮಾಡಿಕೊಳ್ಳುತ್ತೇನೆ ಅಂತ. ಬೇಡ ಅನ್ನುವ ಉತ್ತರ ಬಂತು. ಏಪ್ರಿಲ್ 6ರ ರಾತ್ರಿ ಅಧ್ಯಕ್ಷ ಹಬ್ಯಾರಿಮಾನರ ವಿಮಾನವನ್ನು ಹೊಡೆದುರುಳಿಸಿದರು, ಕೆಲವೇ ಗಂಟೆಗಳಲ್ಲಿ ಕಿಗಾಲಿಯಲ್ಲಿ ಕೊಲೆ ಶುರುವಾಯಿತು. ಮರುದಿನ ಬೆಲ್ಜಿಯಂನ 10 ಸೈನಿಕರನ್ನು ಕೊಂದರು. ಆ ವಾರದಲ್ಲೇ ಫ್ರಾನ್ಸ್, ಬೆಲ್ಜಿಯಂ ಸೈನ್ಯಗಳು ಬಂದು ತಮ್ಮ ತಮ್ಮ ಜನರನ್ನು ವಿಮಾನ ಹತ್ತಿಸಿಕೊಂಡು ಹೋದವು. ಏನೂ ಗೊತ್ತಿಲ್ಲದ ದೇಶ ತನ್ನ ಜನರನ್ನು ಹಾಗೆ ಅವಸರದಲ್ಲಿ ಕರೆಸಿಕೊಳ್ಳುತ್ತದೆಯೇ?

‘ಸರಿ, ಆದರೆ ದೃಶ್ಯ ಇರಲಿಲ್ಲವಲ್ಲ’ ಅಂತ ಮುಂದಿನ ಮಾತು ಬರುತ್ತದೆ. ದೃಶ್ಯವೂ ಇತ್ತು. ಬ್ರಿಟನ್ನಿನ ಕ್ಯಾಮೆರಾಮನ್ ನಿಕ್ ಹ್ಯೂಸ್ ಅದೇ ಏಪ್ರಿಲ್‌ನಲ್ಲಿ ಕಿಗಾಲಿಯ ಫ್ರೆಂಚ್ ಶಾಲೆಯ ಮೇಲಿನಿಂದ, ಎದುರು ಗುಡ್ಡದ ರಸ್ತೆಯಲ್ಲಿ ಮಂಡಿಯೂರಿ ಬೇಡುತ್ತಿದ್ದವರನ್ನು ಕೊಲ್ಲುವುದನ್ನು ಚಿತ್ರೀಕರಿಸಿದರು. ಅದು ಟೀವಿಯಲ್ಲಿ ಬಂತು. ಆ ತಿಂಗಳು ಮುಗಿಯುವ ಮುಂಚೆಯೇ, ಏಪ್ರಿಲ್ 21ರಂದು, ಭದ್ರತಾ ಮಂಡಳಿ ಒಂದು ನಿರ್ಣಯ ಮಾಡಿತು. ಏನಂತ ಅಂದುಕೊಂಡಿರಿ? ಸುಮಾರು 2,500 ಜನರಿದ್ದ ಶಾಂತಿಪಡೆಯನ್ನು 270ಕ್ಕೆ ಇಳಿಸುವುದು ಅಂತ. ಆ ವರ್ಷ ಮಂಡಳಿಯ ಸದಸ್ಯರಲ್ಲಿ ರುವಾಂಡಾ ಕೂಡ ಒಂದು. ಕೊಲೆ ಮಾಡಿಸುತ್ತಿದ್ದ ಸರ್ಕಾರದ ಪ್ರತಿನಿಧಿ ಅದೇ ಮೇಜಿನ ಸುತ್ತ ಕೂತಿದ್ದ.

ಇನ್ನೊಂದು ಸಂಗತಿ ಹೇಳುತ್ತೇನೆ, ಇದನ್ನು ಓದಿದ ಮೇಲೂ ‘ಗೊತ್ತಿರಲಿಲ್ಲ’ ಅನ್ನುವುದು ಕಷ್ಟ. ಆರ್‌ಟಿಎಲ್‌ಎಂ ಅನ್ನುವ ರೇಡಿಯೊ ಯಾರು ಎಲ್ಲಿ ಅಡಗಿದ್ದಾರೆ ಅಂತ ಹೆಸರು ಹೇಳಿ ಕೊಲ್ಲಿಸುತ್ತಿತ್ತು. ವಿಮಾನ ಹಾರಿಸಿ ಆ ಪ್ರಸಾರಕ್ಕೆ ಅಡ್ಡಿ ಮಾಡಬಹುದಾ ಅಂತ ವಾಷಿಂಗ್ಟನ್‌ನಲ್ಲಿ ಚರ್ಚೆಯಾಯಿತು. ಅದು ಕೆಲಸಕ್ಕೂ ಬರುವುದಿಲ್ಲ, ದುಬಾರಿಯೂ ಹೌದು ಅಂತ ಅಮೆರಿಕದ ರಕ್ಷಣಾ ಇಲಾಖೆ ಪೆಂಟಗನ್ ಮೇ 5ರ ಟಿಪ್ಪಣಿಯಲ್ಲಿ ಬರೆಯಿತು. ಹಾರಾಟದ ಒಂದು ಗಂಟೆಗೆ ಸುಮಾರು 8,500 ಡಾಲರ್ ಅಂತ ಲೆಕ್ಕವನ್ನೂ ಕೊಟ್ಟಿತು. ಗೊತ್ತಿಲ್ಲದವರು ಹೀಗೆ ಗಂಟೆಯ ಲೆಕ್ಕ ಹಾಕುವುದಿಲ್ಲ. ವಿಶ್ವಸಂಸ್ಥೆಯ ಅಂದಾಜಿನಂತೆ ನೂರು ದಿನಗಳಲ್ಲಿ ಎಂಟು ಲಕ್ಷ ಜನ ಸತ್ತರು. ನಾಲ್ಕು ವರ್ಷ ಆದಮೇಲೆ ಅಮೆರಿಕದ ಆಗಿನ ಅಧ್ಯಕ್ಷ ಕ್ಲಿಂಟನ್ ಕಿಗಾಲಿ ವಿಮಾನ ನಿಲ್ದಾಣಕ್ಕೆ ಬಂದು, ಈ ಭೀಕರತೆಯ ಆಳ, ವೇಗ ನಮ್ಮಂಥವರಿಗೆ ಪೂರ್ತಿ ಅರ್ಥವಾಗಿರಲಿಲ್ಲ ಎಂಬ ಅರ್ಥದ ಮಾತಾಡಿ ಹೋದರು. ‘ಯಾರಿಗೂ ಗೊತ್ತಿರಲಿಲ್ಲ’ ಎಂಬ ಕಥೆಗೆ ಬಲ ಬಂದಿದ್ದು ಇಂಥ ಮಾತುಗಳಿಂದ. ಅದನ್ನು ನಾವು ಇಲ್ಲಿ ಕೂತು ಯಾಕೆ ಹೊತ್ತು ತಿರುಗಬೇಕು?

ನಿಮ್ಮ ಪ್ರಶ್ನೆಯಲ್ಲಿ ಒಂದು ಭಾಗ ನಿಜ, ಅದನ್ನು ಒಪ್ಪುತ್ತೇನೆ. ಮಾನವ ಹಕ್ಕುಗಳ ಕಾರ್ಯಕರ್ತರು ಕ್ಲಿಂಟನ್ ಅವರ ಭದ್ರತಾ ಸಲಹೆಗಾರ ಆಂಥೊನಿ ಲೇಕ್ ಅವರನ್ನು ಕಂಡಾಗ, ಇನ್ನೂ ಜಾಸ್ತಿ ಗದ್ದಲ ಮಾಡಿ ಅನ್ನುವ ಸಲಹೆ ಸಿಕ್ಕಿತ್ತು. ಜನರಿಂದ ಒತ್ತಡವೇ ಇಲ್ಲ, ನಾವೇನು ಮಾಡುವುದು ಅನ್ನುವ ಅರ್ಥದಲ್ಲಿ. ಅಂದರೆ ಕೊರತೆಯಾಗಿದ್ದು ಒತ್ತಡ. ಚಿತ್ರ ತಾನಾಗಿ ಒತ್ತಡ ಆಗುವುದಿಲ್ಲ. ಯಾರನ್ನು ಕೇಳಬೇಕು, ಏನು ಕೇಳಬೇಕು ಅನ್ನುವುದು ನೋಡಿದವನಿಗೆ ಗೊತ್ತಾದರೆ ಮಾತ್ರ ಆಗುತ್ತದೆ.

ಚಿತ್ರಗಳು ಜಗತ್ತನ್ನು ನಿಜವಾಗಿ ಅಲುಗಾಡಿಸಿದ್ದು ಯಾವಾಗ ಗೊತ್ತಾ? ಜುಲೈನಲ್ಲಿ. ಹತ್ಯೆ ಮಾಡಿದ ಸರ್ಕಾರ ಟುಟ್ಸಿಗಳ ನೇತೃತ್ವದ ಬಂಡುಕೋರ ಸೈನ್ಯದ ಎದುರು ಸೋತಿತು, ಅದರ ಸೈನ್ಯ ಮತ್ತು ಇಂಟರಹಾಮ್ವೆ ಅನ್ನುವ ಹುಟು ಉಗ್ರರ ಗುಂಪುಗಳು ಲಕ್ಷಾಂತರ ಹುಟು ಜನರ ಜೊತೆ ಗಡಿ ದಾಟಿ ಗೋಮಾಕ್ಕೆ ಓಡಿದವು. ಈಗ ಅದು ಕಾಂಗೊ, ಆಗ ಜಾಯೀರ್. ಅಲ್ಲಿನ ನೆಲ ಜ್ವಾಲಾಮುಖಿಯ ಗಟ್ಟಿ ಕಲ್ಲು, ಹೂಳಲು ಗುಂಡಿ ತೋಡುವುದಕ್ಕೂ ಆಗುವುದಿಲ್ಲ. ಕಾಲರಾ, ಆಮಶಂಕೆಗೆ ಕೆಲವೇ ವಾರಗಳಲ್ಲಿ ಸುಮಾರು 50,000 ಜನ ಸತ್ತರು. ಕ್ಯಾಮೆರಾಗಳು ದಂಡಿಯಾಗಿ ಬಂದವು. ನೀರು, ಔಷಧಿ, ಅಮೆರಿಕದ ಸೈನ್ಯ, ಎಲ್ಲವೂ ಬಂತು, ಬೇಗ ಬಂತು. ಆ ಮಕ್ಕಳಿಗೆ ನೀರು ಕೊಟ್ಟಿದ್ದು ಸರಿಯೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಟೀವಿ ನೋಡಿದ ಎಷ್ಟೋ ಜನ ‘ನರಮೇಧದಿಂದ ತಪ್ಪಿಸಿಕೊಂಡು ಬಂದವರು ಇವರೇ’ ಅಂತ ತಿಳಿದುಕೊಂಡರು. ನಿಜವಾಗಿ ಆ ಶಿಬಿರಗಳನ್ನು ನಡೆಸುತ್ತಿದ್ದವರಲ್ಲಿ ಕೊಲೆಗಡುಕರೇ ಇದ್ದರು. ಪಡಿತರದ ಹಂಚಿಕೆ ಅವರ ಹಿಡಿತಕ್ಕೆ ಹೋಯಿತು. ಇದನ್ನು ತಾಳಲಾರದೆ ಎಂಎಸ್‌ಎಫ್ ಅನ್ನುವ ವೈದ್ಯರ ನೆರವು ಸಂಸ್ಥೆಯ ಫ್ರೆಂಚ್ ವಿಭಾಗ ನವೆಂಬರ್‌ನಲ್ಲಿ ಹೊರಗೆ ಬಂತು. 1996ರಲ್ಲಿ ಆ ಶಿಬಿರಗಳ ಕಾರಣಕ್ಕೇ ಯುದ್ಧ ಶುರುವಾಯಿತು, ಪೂರ್ವ ಕಾಂಗೊ ಇವತ್ತಿಗೂ ಸುಧಾರಿಸಿಕೊಂಡಿಲ್ಲ. ನೋಡಿದರು, ಮರುಗಿದರು, ದುಡ್ಡೂ ಕೊಟ್ಟರು. ಯಾರು ಯಾರಿಗೆ ಏನು ಮಾಡಿದರು ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ಈಗ ಸಿನಿಮಾಕ್ಕೆ ಬರೋಣ.

2004ರ ‘ಹೋಟೆಲ್ ರುವಾಂಡಾ’ದಲ್ಲಿ ಒಬ್ಬ ವಿದೇಶಿ ಕ್ಯಾಮೆರಾಮನ್ ಇದ್ದಾನೆ. ತನ್ನ ದೃಶ್ಯ ನೋಡಿದವರು ಅಯ್ಯೋ ಅಂತ ಹೇಳಿ ಊಟ ಮುಂದುವರಿಸುತ್ತಾರೆ ಅನ್ನುವ ಅರ್ಥದ ಮಾತು ಹೇಳುತ್ತಾನೆ. ನನಗೆ ಬರುವ ಪತ್ರಗಳಲ್ಲಿ ಜಾಸ್ತಿ ಜನ ನೆನಪಿಸಿಕೊಳ್ಳುವ ದೃಶ್ಯ ಅದೇ. ಆ ಮಾತು ನಮಗೆ ಯಾಕೆ ಅಷ್ಟು ಹಿಡಿಸುತ್ತದೆ? ಅದು ಬೈಯುವುದು 1994ರ ಟೀವಿ ನೋಡುಗರನ್ನು. ನಾವು ಹತ್ತು ವರ್ಷ ಆದಮೇಲೆ, ಅಳುತ್ತಾ ನೋಡುತ್ತಿದ್ದೇವೆ. ನಾವು ಅವರಂಥವರಲ್ಲ ಅನ್ನುವ ಸಮಾಧಾನ ಅಲ್ಲೇ ಸಿಕ್ಕಿಬಿಡುತ್ತದೆ. ಈ ಸಿನಿಮಾ ಥಿಯೇಟರುಗಳಲ್ಲಿ ಓಡುತ್ತಿದ್ದಾಗ ಸುಡಾನಿನ ದಾರ್ಫುರ್‌ನಲ್ಲಿ ಹಳ್ಳಿಗಳು ಸುಡುತ್ತಿದ್ದವು. 1994ರಲ್ಲಿ ಅಮೆರಿಕ ನರಮೇಧ ಅನ್ನುವ ಪದವನ್ನು ಬಾಯಿ ಬಿಟ್ಟು ಹೇಳುವುದಕ್ಕೆ ಹಿಂದೆಮುಂದೆ ನೋಡಿತ್ತು. 2004ರ ಸೆಪ್ಟೆಂಬರ್‌ನಲ್ಲಿ ದಾರ್ಫುರ್ ಬಗ್ಗೆ ಅಮೆರಿಕದ ಆಗಿನ ವಿದೇಶಾಂಗ ಸಚಿವ ಕಾಲಿನ್ ಪಾವೆಲ್ ಅದನ್ನು ಬಹಿರಂಗವಾಗಿಯೇ ಹೇಳಿದರು. ಸಾವು ನಿಲ್ಲಲಿಲ್ಲ. ನಾಯಕ ನಟ ಡಾನ್ ಚೀಡಲ್ ದಾರ್ಫುರ್ ವಿಷಯ ಹಿಡಿದು ಓಡಾಡಿದರು, ಅದಕ್ಕೆ ಅವರನ್ನು ಮೆಚ್ಚಲೇಬೇಕು. ಆದರೆ ಅದು ಸಿನಿಮಾ ಮುಗಿದ ಮೇಲೆ ಒಬ್ಬ ಮನುಷ್ಯ ಮಾಡಿದ ಕೆಲಸ.

ಕಥೆಯ ಆಯ್ಕೆಯನ್ನೂ ಗಮನಿಸಿ. ಸಿನಿಮಾದ ಕಥೆ ನಡೆಯುವ ಕಿಗಾಲಿಯ ಮಿಲ್ ಕೊಲಿನ್ ಹೋಟೆಲಿನಲ್ಲಿ ಆಶ್ರಯ ಪಡೆದ ಸುಮಾರು 1,200 ಜನ ಬದುಕಿದರು. (ಕಥಾನಾಯಕನಾದ ಹೋಟೆಲ್ ಮ್ಯಾನೇಜರ್ ಬಗ್ಗೆ ಸಿನಿಮಾ ಹೇಳುವುದನ್ನು ಆ ಹೋಟೆಲಿನಲ್ಲಿ ಬದುಕುಳಿದ ಹಲವರು ಒಪ್ಪುವುದಿಲ್ಲ, ಅದು ಬೇರೆಯೇ ದೊಡ್ಡ ಜಗಳ.) ಎಂಟು ಲಕ್ಷ ಜನ ಸತ್ತ ಕಥೆಯಲ್ಲಿ ನಾವು ಉಳಿದವರ ಜೊತೆ ಹೊರಗೆ ಬರುತ್ತೇವೆ. ಅದರ ಮರುವರ್ಷದ ‘ಶೂಟಿಂಗ್ ಡಾಗ್ಸ್’ ಇದಕ್ಕಿಂತ ಪ್ರಾಮಾಣಿಕ. ಕಿಗಾಲಿಯ ತಾಂತ್ರಿಕ ಶಾಲೆಯೊಂದರಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಜನ ಬೆಲ್ಜಿಯನ್ ಸೈನಿಕರ ರಕ್ಷಣೆಯಲ್ಲಿದ್ದರು. ಏಪ್ರಿಲ್ 11ರಂದು ಸೈನಿಕರು ಲಾರಿ ಹತ್ತಿ ಹೋದರು. ಹೆಚ್ಚಿನವರನ್ನು ಅದೇ ದಿನ ಕೊಂದರು. ಆ ಚಿತ್ರವನ್ನು ಅದೇ ಶಾಲೆಯಲ್ಲಿ ತೆಗೆದಿದ್ದಾರೆ. ಆದರೂ ನಮ್ಮ ಕಣ್ಣು ಇಬ್ಬರು ಬಿಳಿಯರ ಜೊತೆಗೇ ಓಡಾಡುತ್ತದೆ, ಕೊನೆಗೆ ಅವರಲ್ಲಿ ಕಿರಿಯವನ ಜೊತೆ ಲಾರಿ ಹತ್ತುತ್ತದೆ.

‘ಸಮ್‌ಟೈಮ್ಸ್ ಇನ್ ಏಪ್ರಿಲ್’ ನೋಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. 2005ರದ್ದು, ಹೈಟಿಯ ರಾವುಲ್ ಪೆಕ್ ಮಾಡಿದ್ದು. ಇದರಲ್ಲಿ ಮುಖ್ಯ ಪಾತ್ರ ಇಬ್ಬರು ರುವಾಂಡಾದ ಅಣ್ಣತಮ್ಮಂದಿರು. ಒಬ್ಬ ಸೈನಿಕ, ಇನ್ನೊಬ್ಬ ಆ ರೇಡಿಯೊದಲ್ಲಿ ಮಾತಾಡಿದವನು. ಜೊತೆಗೆ ಕಥೆ ಮತ್ತೆ ಮತ್ತೆ ವಾಷಿಂಗ್ಟನ್‌ನ ಕಚೇರಿಗಳಿಗೆ ಹೋಗುತ್ತದೆ. ಅಲ್ಲಿ ಸೂಟು ಹಾಕಿಕೊಂಡವರು ಮೇಜಿನ ಮುಂದೆ ಕೂತು ಏನು ಮಾಡಬಾರದು ಅಂತ ತೀರ್ಮಾನಿಸುವುದು ಕಾಣುತ್ತದೆ. ಹೆಣ ಮಾತ್ರ ತೋರಿಸಿ, ತೀರ್ಮಾನವಾದ ಮೇಜನ್ನು ತೋರಿಸದೇ ಇದ್ದರೆ ಸಾವು ಮಳೆ ಬಂದಂತೆ, ಭೂಮಿ ನಡುಗಿದಂತೆ ತಾನೇ ಬಂದದ್ದು ಅನ್ನಿಸುತ್ತದೆ. ಆಗ ನೋಡುವವನಿಗೆ ಅಳುವುದು ಬಿಟ್ಟು ಬೇರೆ ಕೆಲಸ ಉಳಿಯುವುದಿಲ್ಲ. ಸಿನಿಮಾ ನಮ್ಮನ್ನು ಮೂಕಪ್ರೇಕ್ಷಕರನ್ನಾಗಿ ಮಾಡುತ್ತದೆ ಅಂತ ನಾನು ಹೇಳುವುದು ಇಷ್ಟನ್ನೇ. ಅಳಬೇಡಿ ಅಂತ ಯಾವತ್ತೂ ಹೇಳಿಲ್ಲ.

ಇದನ್ನು ಬರೆಯುವಾಗ ಯಾರೂ ಕೇಳದ ಇನ್ನೊಂದು ಪ್ರಶ್ನೆ ತಲೆಗೆ ಬರುತ್ತದೆ. ನಾವೇನೋ ದೂರದವರು. ರುವಾಂಡಾದಲ್ಲೇ ಪಕ್ಕದ ಮನೆಯಲ್ಲಿ ನಿಂತು ನೋಡಿದವರು ಏನಾದರು?

ಅವರನ್ನು ಕರೆಸಿದರು. ಲಕ್ಷಕ್ಕೂ ಜಾಸ್ತಿ ಆರೋಪಿಗಳು ಜೈಲಿನಲ್ಲಿ ಕೊಳೆಯುತ್ತಿದ್ದರು, ಮಾಮೂಲಿ ಕೋರ್ಟುಗಳಿಗೆ ಅದು ಮುಗಿಯುವ ಕೆಲಸವೇ ಅಲ್ಲ. ಹಾಗಾಗಿ ಗಚಾಚಾ ಅನ್ನುವ ಹಳೆಯ ಊರ ಪಂಚಾಯಿತಿಯ ಪದ್ಧತಿಯನ್ನು ಹೊಸದಾಗಿ ಕಟ್ಟಿದರು. 2012ರಲ್ಲಿ ಮುಚ್ಚುವವರೆಗೆ ಸುಮಾರು 12,000 ಇಂಥ ಕೋರ್ಟುಗಳು ಹತ್ತು ಲಕ್ಷಕ್ಕೂ ಜಾಸ್ತಿ ಪ್ರಕರಣ ನಡೆಸಿದವು. ಊರವರು ಹುಲ್ಲಿನ ಮೇಲೆ ಕೂತು ಕೇಳಬೇಕು, ತಾವು ಕಂಡಿದ್ದನ್ನು ಎದ್ದು ನಿಂತು ಹೇಳಬೇಕು. ಕಂಡಿದ್ದನ್ನು ಮುಚ್ಚಿಟ್ಟರೆ ಶಿಕ್ಷೆಯೂ ಇತ್ತು. ಇದರಲ್ಲಿ ತಪ್ಪುಗಳು ಬೇಕಾದಷ್ಟು. ಹಳೇ ದ್ವೇಷಕ್ಕೆ ಸುಳ್ಳು ದೂರು ಕೊಟ್ಟವರಿದ್ದರು, ಗೆದ್ದ ಪಕ್ಷದ ಸೈನಿಕರು ಮಾಡಿದ ಕೊಲೆಗಳು ಅಲ್ಲಿಗೆ ಬರಲೇ ಇಲ್ಲ. ಆದರೆ ನೋಡಿದವನಿಗೆ ಒಂದು ಹೊಣೆ ಇದೆ ಅನ್ನುವುದನ್ನು ಕಾನೂನಿನಲ್ಲೇ ಬರೆದರು.

ಆ ಪಂಚಾಯಿತಿಗಳ ಮೇಲೂ ಒಂದು ಸಾಕ್ಷ್ಯಚಿತ್ರ ಇದೆ, ಆನ್ ಅಗಿಯೋನ್ ಅವರ ‘ಮೈ ನೇಬರ್, ಮೈ ಕಿಲ್ಲರ್’, 2009ರದ್ದು. ಒಂದೇ ಊರಿಗೆ ವರ್ಷಗಟ್ಟಲೆ ಮತ್ತೆ ಮತ್ತೆ ಹೋಗಿ ತೆಗೆದದ್ದು. ತುಂಬಾ ನಿಧಾನ ಅಂತ ಅರ್ಧಕ್ಕೆ ನಿಲ್ಲಿಸಬೇಡಿ. ಅದರಲ್ಲಿ ಗಂಡ, ಮಕ್ಕಳನ್ನು ಕಳೆದುಕೊಂಡ ಹೆಂಗಸರು ಜೈಲಿನಿಂದ ಊರಿಗೆ ಬಂದವರ ಬಗ್ಗೆ ಮಾತಾಡುತ್ತಾರೆ, ಯಾರು ಏನು ಮಾಡಿದರು ಅನ್ನುವುದು ಹೆಸರು ಸಮೇತ ಬರುತ್ತದೆ. ‘ಹೋಟೆಲ್ ರುವಾಂಡಾ’ ಈಗಾಗಲೇ ನೋಡಿದವರು ಮುಂದಿನ ಪತ್ರ ಬರೆಯುವ ಮೊದಲು ಇದನ್ನು ನೋಡಿ. ನನಗೆ ಬೇಕಿರುವುದು ಅದರ ಬಗ್ಗೆ ನಿಮ್ಮ ಪ್ರಶ್ನೆಗಳು.