ಪಕ್ಕದ ಸ್ವಿಚ್ ಯಾವುದು? ಸಿಡಿಪಿ, ಎಲ್‌ಎಲ್‌ಡಿಪಿ ಟಿಪ್ಪಣಿ

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ಘಟಕ ಅಂದುಕೊಳ್ಳಿ. ಆಫೀಸಿನಲ್ಲಿ ಒಂದು ನೆಟ್‌ವರ್ಕ್ ಸ್ವಿಚ್, ಗೋಡೌನ್‌ನಲ್ಲಿ ಒಂದು, ವೇಬ್ರಿಡ್ಜ್ ಹತ್ತಿರ ಇನ್ನೊಂದು. ಕೇಬಲ್‌ಗೆ ಲೇಬಲ್ ಇಲ್ಲ. ಯಾವ ಪೋರ್ಟ್ ಎಲ್ಲಿಗೆ ಹೋಗಿದೆ? ಏಣಿ ಹಾಕೋ ಮೊದಲು ಸ್ವಿಚ್ಚನ್ನೇ ಕೇಳಿ ನೋಡಬಹುದು.

ಸ್ವಿಚ್‌ಗಳು ಪಕ್ಕದ ಸಾಧನಕ್ಕೆ ತಮ್ಮ ಪರಿಚಯ ಹೇಳಿಕೊಳ್ಳುವ ಪ್ರೋಟೋಕಾಲ್‌ಗಳೇ ಸಿಡಿಪಿ (ಸಿಸ್ಕೋ ಡಿಸ್ಕವರಿ ಪ್ರೋಟೋಕಾಲ್) ಮತ್ತು ಎಲ್‌ಎಲ್‌ಡಿಪಿ (ಲಿಂಕ್ ಲೇಯರ್ ಡಿಸ್ಕವರಿ ಪ್ರೋಟೋಕಾಲ್). ಸಿಡಿಪಿ ಸಿಸ್ಕೋ ಕಂಪನಿಯ ಸ್ವಂತದ್ದು. ಸಿಸ್ಕೋ ಸ್ವಿಚ್‌ಗಳಲ್ಲಿ ಸಾಮಾನ್ಯವಾಗಿ ಮೊದಲೇ ಆನ್ ಇರುತ್ತದೆ. ಸ್ವಿಚ್ 60 ಸೆಕೆಂಡಿಗೊಮ್ಮೆ ತನ್ನ ಹೆಸರು, ಮಾಡೆಲ್, ಪೋರ್ಟ್, ಐಪಿ ವಿಳಾಸ ಸಾರುತ್ತದೆ. 180 ಸೆಕೆಂಡ್ ಸುದ್ದಿ ಬಾರದಿದ್ದರೆ ಆ ನೆರೆಯ ಹೆಸರು ಪಟ್ಟಿಯಿಂದ ಹೋಗುತ್ತದೆ. ಎಲ್‌ಎಲ್‌ಡಿಪಿ ಐಇಇಇ 802.1ಎಬಿ ಮಾನದಂಡ, ಬೇರೆ ಬೇರೆ ಕಂಪನಿಗಳ ಸ್ವಿಚ್‌ಗಳಿಗೂ ಅರ್ಥವಾಗುತ್ತದೆ. ಸಿಸ್ಕೋದಲ್ಲಿ ಇದರ ಲೆಕ್ಕ: 30 ಸೆಕೆಂಡಿಗೊಮ್ಮೆ ಸಾರುವುದು, 120 ಸೆಕೆಂಡ್ ಸುದ್ದಿ ಬಾರದಿದ್ದರೆ ಹೆಸರು ತೆಗೆಯುವುದು.

ಗ್ಲೋಬಲ್ ಮೋಡ್‌ನಲ್ಲಿ (ಇಡೀ ಸ್ವಿಚ್‌ಗೆ ಅನ್ವಯಿಸುವ ಸೆಟ್ಟಿಂಗ್ ಕೊಡುವ ಜಾಗ) ‘ಎಲ್‌ಎಲ್‌ಡಿಪಿ ರನ್’ ಕೊಟ್ಟರೆ ಶುರು. ಆಮೇಲೆ ‘ಶೋ ಎಲ್‌ಎಲ್‌ಡಿಪಿ ನೇಬರ್ಸ್’. ಲೋಕಲ್ ಇಂಟರ್ಫೇಸ್ ಅಂದರೆ ನಮ್ಮ ಕಡೆಯ ಪೋರ್ಟ್, ಪೋರ್ಟ್ ಐಡಿ ಅಂದರೆ ಆ ಕಡೆಯದು. ಇದನ್ನು ಅದಲುಬದಲು ಮಾಡಿದರೆ ನಕ್ಷೆಯೇ ತಿರುಗುಮುರುಗು. ಐಪಿ ವಿಳಾಸ ಬೇಕಿದ್ದರೆ ಕೊನೆಗೆ ‘ಡೀಟೇಲ್’ ಸೇರಿಸಿ.

ಈಗ ಜಾಸ್ತಿ ತಲೆ ಕೆಡಿಸುವ ವಿಷಯ. ಆಫೀಸ್ ಮತ್ತು ಗೋಡೌನ್‌ನಲ್ಲಿ ಸಿಸ್ಕೋ ಸ್ವಿಚ್, ನಡುವೆ ಸಿಡಿಪಿ ಗೊತ್ತಿಲ್ಲದ ಬೇರೆ ಕಂಪನಿಯ ಸ್ವಿಚ್ ಇದೆ ಅನ್ನಿ. ಸಿಡಿಪಿ ಫ್ರೇಮ್ (ಸಂದೇಶದ ಪೊಟ್ಟಣ) ಅದಕ್ಕೆ ಮಾಮೂಲಿ ಮಲ್ಟಿಕಾಸ್ಟ್, ಅಂದರೆ ಹಲವರಿಗೆ ಒಟ್ಟಿಗೆ ಕಳಿಸುವ ಸಂದೇಶ. ಹಾಗಾಗಿ ಮುಂದಕ್ಕೆ ದಾಟಿಸಿಬಿಡುತ್ತದೆ. ಎರಡು ಸಿಸ್ಕೋಗಳೂ ತಾವೇ ಅಕ್ಕಪಕ್ಕ ಅಂದುಕೊಳ್ಳುತ್ತವೆ, ನಡುವಿನದು ಪಟ್ಟಿಯಲ್ಲೇ ಬರುವುದಿಲ್ಲ! ಎಲ್‌ಎಲ್‌ಡಿಪಿ ಬಳಸುವ ವಿಳಾಸಕ್ಕೆ ಬಂದ ಫ್ರೇಮನ್ನು ಮಾನದಂಡ ಪಾಲಿಸುವ ಸ್ವಿಚ್ ದಾಟಿಸಬಾರದು. ಬೇರೆ ಬೇರೆ ಕಂಪನಿಯ ಪೆಟ್ಟಿಗೆಗಳು ಬೆರೆತ ಜಾಗದಲ್ಲಿ ನಾನು ಎಲ್‌ಎಲ್‌ಡಿಪಿ ಪಟ್ಟಿಯನ್ನೇ ಮೊದಲು ನಂಬುತ್ತೇನೆ. ಆದರೂ ಅಗ್ಗದ ಸ್ವಿಚ್ ನಿಯಮ ಪಾಲಿಸುತ್ತದೆ ಅನ್ನೋ ಗ್ಯಾರಂಟಿ ಇಲ್ಲ, ಅಲ್ವಾ?

ಇಂಟರ್‌ನೆಟ್ ಕಂಪನಿಯ ಕಡೆಗಿನ ಪೋರ್ಟ್‌ನಲ್ಲಿ ನಮ್ಮ ಮಾಡೆಲ್, ಸಾಫ್ಟ್‌ವೇರ್ ಆವೃತ್ತಿ ಸುಮ್ನೆ ಸಾರುವುದು ಬೇಡ. ಅಲ್ಲಿ ‘ನೋ ಸಿಡಿಪಿ ಎನೇಬಲ್’, ‘ನೋ ಎಲ್‌ಎಲ್‌ಡಿಪಿ ಟ್ರಾನ್ಸ್‌ಮಿಟ್’. ಎಲ್‌ಎಲ್‌ಡಿಪಿಯಲ್ಲಿ ಕಳಿಸುವುದು, ಕೇಳುವುದು ಬೇರೆ ಬೇರೆ ಕಮಾಂಡ್. ಹಾಗಾಗಿ ಕಳಿಸದೆ ಬರೀ ಕೇಳಿಸಿಕೊಳ್ಳುತ್ತಲೂ ಇರಬಹುದು. ಆದರೆ ಐಪಿ ಫೋನ್ ಇರುವ ಪೋರ್ಟ್‌ನಲ್ಲಿ ಎರಡನ್ನೂ ಕಣ್ಣುಮುಚ್ಚಿ ಆಫ್ ಮಾಡಬೇಡಿ. ವಾಯ್ಸ್ ವಿಲ್ಯಾನ್ (ಫೋನ್ ಕರೆಗಳಿಗೆ ಮೀಸಲಾದ ಪ್ರತ್ಯೇಕ ಜಾಲ) ಯಾವುದು ಅಂತ ಫೋನ್‌ಗೆ ಸಾಮಾನ್ಯವಾಗಿ ಗೊತ್ತಾಗುವುದು ಸಿಡಿಪಿ ಅಥವಾ ಎಲ್‌ಎಲ್‌ಡಿಪಿ ಮೆಡ್ (ಫೋನ್‌ನಂಥ ಸಾಧನಗಳಿಗಾಗಿ ಇರುವ ಅದರ ವಿಸ್ತರಣೆ) ಮೂಲಕವೇ.