ಟೀಮ್‌ಶೆಫ್ ಅಂದರೆ ಅಡುಗೆಯವರಲ್ಲ

'ಜರ್ಮನಿ ತಂಡದ ಬಾಣಸಿಗ ಬೆಕೆನ್‌ಬಾವರ್' ಅನ್ನೋ ಸಾಲು ಮತ್ತೆ ಕಣ್ಣಿಗೆ ಬಿತ್ತು. ಜರ್ಮನಿಯ ಫುಟ್‌ಬಾಲ್ ತಂಡದ ಕೋಚ್ ಆಗಿದ್ದಾಗ ಬೆಕೆನ್‌ಬಾವರ್‌ಗೆ ಇದ್ದ ಹುದ್ದೆಯ ಹೆಸರು 'ಟೀಮ್‌ಶೆಫ್', ಅದನ್ನು ಯಂತ್ರ ಹೀಗೆ ಅನುವಾದ ಮಾಡಿರಬೇಕು. ಹಾಕುವ ಮುಂಚೆ ಒಂದು ಸಲ ಓದಿ ನೋಡಬಹುದಿತ್ತು ಅಲ್ವಾ?

ಶೆಫ್ ಮೂಲದಲ್ಲಿ ಫ್ರೆಂಚ್ ಪದ. ಅದರ ಬೇರು ಲ್ಯಾಟಿನ್ನಿನ 'ಕಾಪುಟ್', ಅಂದರೆ ತಲೆ. ತಲೆಯಿಂದ ತಲೆಯಾಳು, ಮುಖ್ಯಸ್ಥ. ಇಂಗ್ಲಿಷಿನ ಚೀಫ್ ಕೂಡ ಇದೇ ಮನೆಯ ಕೂಸು. ಫ್ರೆಂಚರು ಅಡುಗೆಮನೆಯ ಯಜಮಾನನನ್ನು 'ಶೆಫ್ ದ ಕ್ವಿಸೀನ್' ಅಂದರು. ಇಂಗ್ಲಿಷಿನವರು ಅದರ ಬಾಲ ಕತ್ತರಿಸಿ ಬರೀ ಶೆಫ್ ಇಟ್ಟುಕೊಂಡರು. ಯಜಮಾನಿಕೆ ಹಿಂದೆ ಸರಿದು ಅಡುಗೆ ಮುಂದೆ ಬಂತು. ನಮಗೆ ಸಿಕ್ಕಿದ್ದು ಈ ಶೆಫ್. ಮಾಸ್ಟರ್ ಅನ್ನೋ ದೊಡ್ಡ ಪದ ನಮ್ಮಲ್ಲಿ ಶಾಲೆಯ ಮೇಷ್ಟ್ರಾದ ಹಾಗೆ. ಜರ್ಮನಿಯಲ್ಲಾದರೆ ಹಳೆಯ ಅರ್ಥವೇ ಗಟ್ಟಿಯಾಗಿ ಉಳಿದಿದೆ. ಅಲ್ಲಿ ಆಫೀಸಿನ ಬಾಸ್ ಕೂಡ ಶೆಫ್ಫೇ. ಟೀಮ್‌ಶೆಫ್ ಅಂದರೆ ತಂಡದ ಮುಖ್ಯಸ್ಥ.

ಇನ್ನು ಕೆಲವರು ಟೀಮ್‌ಶೆಫ್ ಅಂದರೆ ಸುಮ್ನೆ 'ಕೋಚ್' ಅಂತ ಬರೆದುಬಿಡುತ್ತಾರೆ. ಕೆಲಸ ಅದೇ, ಒಪ್ಪುತ್ತೇನೆ. ಆದರೆ ಆ ಹೆಸರು ಯಾಕೆ ಬಂತು ಅನ್ನೋದೇ ಅಲ್ಲಿ ಕಳೆದುಹೋಗುತ್ತದೆ. ಪಶ್ಚಿಮ ಜರ್ಮನಿಯ ಕೋಚ್‌ಗೆ ಇದ್ದ ಹೆಸರು 'ಬುಂಡೆಸ್‌ಟ್ರೈನರ್'. 1984ರ ಯೂರೋದಲ್ಲಿ, ಅಂದರೆ ಯುರೋಪಿನ ದೇಶಗಳ ಫುಟ್‌ಬಾಲ್ ಟೂರ್ನಿಯಲ್ಲಿ, ತಂಡ ಗುಂಪು ಹಂತದಲ್ಲೇ ಸೋತು, ಆಗಿನ ಕೋಚ್ ಯುಪ್ ಡೆರ್ವಾಲ್ ಕೆಲಸ ಬಿಟ್ಟರು. ಕರೆ ಹೋಗಿದ್ದು ಬೆಕೆನ್‌ಬಾವರ್‌ಗೆ. 1974ರ ವಿಶ್ವಕಪ್ ಗೆದ್ದ ನಾಯಕ, ಹಿಂದಿನ ಸಾಲಿನಿಂದಲೇ ಆಟ ಕಟ್ಟುತ್ತಿದ್ದ ಡಿಫೆಂಡರ್. ಆದರೆ ಅವರ ಹತ್ತಿರ ಕೋಚಿಂಗ್ ಲೈಸೆನ್ಸ್ ಇರಲಿಲ್ಲ. ಅದಕ್ಕೇ ಈ ಬೇರೆ ಹೆಸರು. ಲೈಸೆನ್ಸ್ ಇದ್ದ ಹೋರ್ಸ್ಟ್ ಕೋಪೆಲ್, ಆಮೇಲೆ ಹೋಲ್ಗರ್ ಓಸಿಯೆಕ್, ಬೆಕೆನ್‌ಬಾವರ್ ಪಕ್ಕದಲ್ಲಿ ಸಹಾಯಕರಾಗಿ ಇದ್ದರು.

1986ರ ವಿಶ್ವಕಪ್ ಫೈನಲ್‌ನಲ್ಲಿ ಅರ್ಜೆಂಟೀನಾ ಎದುರು 3-2 ಸೋಲು. 1990ರ ಫೈನಲ್‌ನಲ್ಲಿ, ರೋಮ್‌ನಲ್ಲಿ, ಮತ್ತೆ ಎದುರಾಗಿದ್ದು ಅದೇ ಅರ್ಜೆಂಟೀನಾ, ಬ್ರೆಹ್ಮೆ ಹೊಡೆದ ಪೆನಾಲ್ಟಿಯಿಂದ 1-0 ಗೆಲುವು. ಆಟಗಾರರು ಕುಣಿಯುತ್ತಿದ್ದಾಗ ಬೆಕೆನ್‌ಬಾವರ್ ಕೊರಳಲ್ಲಿ ಪದಕ ಹಾಕಿಕೊಂಡು, ಮೈದಾನದ ಹುಲ್ಲಿನ ಮೇಲೆ ಒಬ್ಬರೇ ನಿಧಾನಕ್ಕೆ ನಡೆದರು. ನಾಯಕನಾಗಿ ಗೆದ್ದ ಕಪ್ಪನ್ನು ಟೀಮ್‌ಶೆಫ್ ಆಗಿಯೂ ಗೆದ್ದಿದ್ದರು.

ಅವರ ನಂತರ ಬಂದ ಬೆರ್ಟಿ ಫೋಗ್ಟ್ಸ್ ಕೂಡ 1974ರ ತಂಡದ ಡಿಫೆಂಡರ್. ಅವರಿಗೆ ಲೈಸೆನ್ಸ್ ಇತ್ತು, ಆದ್ದರಿಂದ ಮತ್ತೆ ಬುಂಡೆಸ್‌ಟ್ರೈನರ್. 2000ದಲ್ಲಿ ಲೈಸೆನ್ಸ್ ಇಲ್ಲದ ರೂಡಿ ಫೊಲರ್ ಬಂದಾಗ, ಟೀಮ್‌ಶೆಫ್ ಅನ್ನೋ ಹೆಸರೂ ವಾಪಸ್ ಬಂತು.