ಹೆದರಿಸಿ ಬಿಡಿಸುತ್ತೇವೆ ಎನ್ನುವವರಿಗೆ

ತುಮಕೂರಿನಲ್ಲಿ ಮನೋವೈದ್ಯನಾಗಿ ಕೂತಿರುವ ನನಗೆ ಈಚೆಗೆ ಅಪ್ಪಂದಿರ ಹೊಸ ಪದ್ಧತಿಯೊಂದು ಕಾಣುತ್ತಿದೆ. ಮಗನನ್ನು ಕರೆತರುವ ಮೊದಲೇ ಅವನಿಗೊಂದು ಸಿನಿಮಾ ತೋರಿಸಿರುತ್ತಾರೆ: 'ರಿಕ್ವಿಯಂ ಫಾರ್ ಎ ಡ್ರೀಮ್'. ಹ್ಯೂಬರ್ಟ್ ಸೆಲ್ಬಿಯ 1978ರ ಕಾದಂಬರಿಯಿಂದ ಡ್ಯಾರೆನ್ ಅರನೋಫ್‌ಸ್ಕಿ 2000ದಲ್ಲಿ ತೆಗೆದದ್ದು. ಇದನ್ನು ನೋಡಿದವನು ಡ್ರಗ್ಸ್ ಕಡೆ ತಲೆ ಹಾಕಿಯೂ ಮಲಗಲ್ಲ ಎಂದು ಬೆಂಗಳೂರಿನಲ್ಲಿರುವ ಯಾರೋ ಸೋದರಳಿಯ ಹೇಳಿರುತ್ತಾನೆ. "ಪೂರ್ತಿ ನೋಡ್ದ ಸಾರ್. ಉಂಡ, ಮಲಗ್ದ. ಏನೂ ಆಗ್ಲಿಲ್ಲ" ಎಂದು ನನ್ನೆದುರು ದೂರು.

ಸ್ವಲ್ಪ ಓದಿಕೊಂಡವರಾದರೆ ವಿಮರ್ಶೆಗಳನ್ನೂ ನೋಡಿಕೊಂಡು ಬರುತ್ತಾರೆ. "ಒಬ್ರು ಅದ್ಭುತ ಅಂತಾರೆ, ಇನ್ನೊಬ್ರು ಅತಿಯಾಯ್ತು ಅಂತಾರೆ. ನೀವು ಈ ಲೈನ್‌ನಲ್ಲೇ ಇದೀರಿ, ಯಾವ್ದು ಸರಿ?" ನಾನು ಸಿನಿಮಾ ಲೈನ್‌ನಲ್ಲಿಲ್ಲ. ಆದರೂ ಕೇಳಿದ್ದಾರೆ, ಹೇಳುತ್ತೇನೆ.

ಶಿಕಾಗೋದ ಸಿನಿಮಾ ವಿಮರ್ಶಕ ರೋಜರ್ ಈಬರ್ಟ್ ಇದಕ್ಕೆ ನಾಲ್ಕರಲ್ಲಿ ಮೂರೂವರೆ ನಕ್ಷತ್ರ ಕೊಟ್ಟರು. ಹದಿನೇಳು ಮತ್ತು ಅದರ ಕೆಳಗಿನವರಿಗೆ ಪ್ರವೇಶವಿಲ್ಲ ಎಂಬ ದರ್ಜೆಯನ್ನು ಅಮೆರಿಕದ ರೇಟಿಂಗ್ ಮಂಡಳಿ ಅದಕ್ಕೆ ಹಚ್ಚಿತ್ತು. ಈಬರ್ಟ್ ಆ ದರ್ಜೆಯನ್ನೇ ಹಂಗಿಸಿ, ಡ್ರಗ್ಸ್ ರುಚಿ ನೋಡೋಣ ಎಂದುಕೊಂಡಿರುವ ಹುಡುಗರು ಈ ನರಕದರ್ಶನ ಮಾಡುವುದು ಒಳ್ಳೆಯದು ಎಂಬರ್ಥದಲ್ಲಿ ಬರೆದರು. ಎದುರು ಪಾಳಯದವರ ತಕರಾರು ಬೇರೆ. ಕ್ಯಾಮೆರಾ ಕಸರತ್ತಿನ ಅಬ್ಬರದಲ್ಲಿ ಮನುಷ್ಯರು ಕಾಣೆಯಾಗುತ್ತಾರೆ, ಪ್ರೇಕ್ಷಕನಿಗೆ ಉಸಿರಾಡಲು ಬಿಡದೆ ಶಿಕ್ಷಿಸುತ್ತಾರೆ, ಇಷ್ಟೆಲ್ಲ ಮಾಡಿ ಕೊನೆಗೆ ಹೇಳುವುದು ಹಳೇ ನೀತಿಪಾಠವನ್ನೇ, ಎಂದು.

ಚಿತ್ರವಾಗಿ ನೋಡಿದರೆ ಇಬ್ಬರ ಮಾತಿನಲ್ಲೂ ಹುರುಳಿದೆ. ಬೇಸಿಗೆಯಲ್ಲಿ ಶುರುವಾದ ಕಥೆ ಚಳಿಗಾಲಕ್ಕೆ ಮುಗಿಯುತ್ತದೆ, ಅಷ್ಟರಲ್ಲಿ ಚಟಕ್ಕೆ ಬಿದ್ದ ನಾಲ್ವರೂ (ಒಬ್ಬ ಹುಡುಗ, ಅವನ ತಾಯಿ, ಗೆಳತಿ, ಗೆಳೆಯ) ಪಾತಾಳ ಸೇರಿರುತ್ತಾರೆ. ನಾನು ಕಂಡ ಚಟ ಇಷ್ಟು ಅಚ್ಚುಕಟ್ಟಾಗಿ ಯಾರನ್ನೂ ಮುಗಿಸುವುದಿಲ್ಲ. ಬಿಡುತ್ತಾರೆ, ಗೌರಿ ಹಬ್ಬಕ್ಕೆ ಮತ್ತೆ ಹಿಡಿಯುತ್ತಾರೆ, ತಂಗಿ ಮದುವೆ ಹೊತ್ತಿಗೆ ಮತ್ತೆ ಬಿಡುತ್ತಾರೆ. ಹಾಗಾಗಿ 'ಅತಿಯಾಯ್ತು' ಎಂದವರ ಪರ ಒಂದು ಓಟು. ಆದರೆ ಅವರು ಕಸರತ್ತು ಎಂದು ಜರಿದ ಆ ಚಕಚಕ ದೃಶ್ಯಗಳಿವೆಯಲ್ಲ, ಪುಡಿ, ಬೆಂಕಿ, ಸೂಜಿ, ಕಣ್ಣಪಾಪೆ, ಪ್ರತಿ ಸಲವೂ ಅದೇ ಸದ್ದು, ಅದೇ ಕ್ರಮ? ಅದು ಚಟದ ನಿಜವಾದ ಲಯ. ನಿರ್ದೇಶಕರಿಗೆ ಯಾರೋ ಬಲ್ಲವರೇ ಹೇಳಿಕೊಟ್ಟಿರಬೇಕು. (ಕಣ್ಣಪಾಪೆಯನ್ನು ಮಾತ್ರ ಉಲ್ಟಾ ತೋರಿಸಿದ್ದಾರೆ. ಹೆರಾಯಿನ್ ಏರಿದರೆ ಪಾಪೆ ಸೂಜಿಮೊನೆಯಷ್ಟಾಗಿ ಕುಗ್ಗುತ್ತದೆ, ಅಲ್ಲಿ ಹಿಗ್ಗುತ್ತದೆ. ಎಂಬಿಬಿಎಸ್ ಹುಡುಗರು ಹಾಗೆ ಬರೆದರೆ ಅಂಕ ಹೋಗುತ್ತದೆ.)

ಈಗ ಅಪ್ಪಂದಿರು ದಯವಿಟ್ಟು ಕಿವಿಗೊಡಬೇಕು. ಈಬರ್ಟ್ ಹೇಳಿದ್ದು ರುಚಿ ನೋಡೋಣ ಎಂದುಕೊಂಡಿರುವವನ ವಿಷಯ. ಇನ್ನೂ ಶುರು ಮಾಡದವನ ವಿಷಯ. ನಿಮ್ಮ ಮಗ ಶುರು ಮಾಡಿ ಮೂರು ವರ್ಷವಾಗಿದೆ. ಬಾವಿಗೆ ಬಿದ್ದವನಿಗೆ ಬಾವಿಯ ಆಳ ವರ್ಣಿಸಿ ಏನು ಪ್ರಯೋಜನ? ಆಳ ಅವನಿಗೆ ನಮಗಿಂತ ಚೆನ್ನಾಗಿ ಗೊತ್ತು.

ಪ್ರಯೋಜನವಿಲ್ಲ ಎನ್ನುವುದಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಚಟಕ್ಕೆ ಬಿದ್ದ ಮಿದುಳು ತನ್ನ ಸಾಮಗ್ರಿಯನ್ನು ಕಂಡರೆ ಸುಮ್ಮನಿರುವುದಿಲ್ಲ. ನಿಮಗೆ ಆ ಸೂಜಿ ಅಸಹ್ಯ, ಅವನಿಗೆ ಅದು ಕರೆ. ಎದೆ ಬಡಿತ ಏರುತ್ತದೆ, ಅಂಗೈ ಬೆವರುತ್ತದೆ, ಬೇಕು ಎನಿಸುತ್ತದೆ. ಕತೆಯ ಕೊನೆಯಲ್ಲಿ ಕೈ ಕತ್ತರಿಸಿದ್ದನ್ನು ನೋಡಿ ನೀವು ನಡುಗುವ ಹೊತ್ತಿಗೆ ಅವನ ಮನಸ್ಸು ಮೊದಲ ಅರ್ಧ ಗಂಟೆಯಲ್ಲೇ ಎಲ್ಲೋ ನಿಂತಿರುತ್ತದೆ. ಜೊತೆಗೆ ಭಯ ಎನ್ನುವುದೇ ಒಂದು ಸಂಕಟ, ಸಂಕಟಕ್ಕೆ ಅವನು ಕಂಡುಕೊಂಡ ಮದ್ದು ಯಾವುದು ಎಂದು ನಿಮಗೇ ಗೊತ್ತು. ಎಲ್ಲರಿಗೂ ಹೀಗೇ ಆಗುತ್ತದೆ ಎಂದು ನಾನು ಹೇಳಲಾರೆ, ಮನುಷ್ಯರು ಒಂದೇ ಥರ ಇರುವುದಿಲ್ಲ. ಆದರೆ ಸಿನಿಮಾ ನೋಡಿದ ರಾತ್ರಿಯೇ ಹೊರಗೆ ಹೋದ ಹುಡುಗರನ್ನು ನಾನು ಕಂಡಿದ್ದೇನೆ.

ಸಿಗರೇಟು ಪ್ಯಾಕನ್ನು ನೋಡಿ. 2016ರಿಂದ ಅದರ ಶೇ. 85 ಭಾಗದಲ್ಲಿ ಭೀಕರ ಚಿತ್ರ. ಹೊಸಬರನ್ನು ಅದು ಒಂದಿಷ್ಟು ತಡೆದೀತು. ಹಳಬರು ಬಿ.ಎಚ್. ರಸ್ತೆಯ ಗೂಡಂಗಡಿ ಮುಂದೆ ಪ್ಯಾಕನ್ನು ಮಗುಚಿ ಹಿಡಿದು ಎಳೆಯುತ್ತಾರೆ. 2018ರಲ್ಲಿ ಸರ್ಕಾರ ಅದೇ ಪ್ಯಾಕಿನ ಮೇಲೆ ಬಿಡಲು ನೆರವಾಗುವ ಫೋನ್ ನಂಬರ್ ಸೇರಿಸಿತು. ಹೆದರಿಸಿದ ಮೇಲೆ ಹೋಗುವ ದಾರಿಯನ್ನೂ ತೋರಿಸಬೇಕು ಎಂಬ ಬುದ್ಧಿ ಅದು. ಅರನೋಫ್‌ಸ್ಕಿ ಚಿತ್ರದಲ್ಲಿ ದಾರಿಯೇ ಇಲ್ಲ. ಕಲಾಕೃತಿಯಲ್ಲಿ ಇರಲೇಬೇಕೆಂದೂ ಇಲ್ಲ, ಅದನ್ನು ಚಿಕಿತ್ಸೆ ಎಂದುಕೊಂಡವರು ನಾವು.

ಅಂದಹಾಗೆ ಈಬರ್ಟ್ ಸ್ವತಃ ಕುಡಿತ ಬಿಟ್ಟವರು. 1979ರಲ್ಲಿ ನಿಲ್ಲಿಸಿದರು. ಮೂವತ್ತು ವರ್ಷದ ನಂತರ ಅದರ ಬಗ್ಗೆ ಮನಸ್ಸು ಬಿಚ್ಚಿ ಬರೆದಾಗ ಅವರು ನೆನೆದದ್ದು ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳನ್ನು, ತನ್ನಂಥವರ ಜೊತೆ ಕೂತು ಮಾತಾಡಿದ್ದನ್ನು. ಜೀವನಪೂರ್ತಿ ಸಿನಿಮಾ ನೋಡಿದ ಮನುಷ್ಯನನ್ನು ಕುಡಿತದಿಂದ ಬಿಡಿಸಿದ್ದು ಸಿನಿಮಾ ಆಗಿರಲಿಲ್ಲ. ನಕ್ಷತ್ರ ಎಣಿಸಿಕೊಂಡು ಬರುವವರಿಗೆ ಈ ಸಂಗತಿ ಹೇಳಿದರೆ ಮುಖ ಸಣ್ಣಗಾಗುತ್ತದೆ.

ಪರ ವಿರೋಧ ಎರಡೂ ಕಡೆಯವರು ಒಪ್ಪಿದ್ದು ಒಂದನ್ನು, ಎಲೆನ್ ಬರ್ಸ್ಟಿನ್ ಅಭಿನಯವನ್ನು. ಆಸ್ಕರ್‌ಗೆ ಹೆಸರು ಹೋಯಿತು, ಬಹುಮಾನ ಜೂಲಿಯಾ ರಾಬರ್ಟ್ಸ್ ಪಾಲಾಯಿತು. ಬರ್ಸ್ಟಿನ್ ಅವರದ್ದು ತಾಯಿಯ ಪಾತ್ರ. ಒಂಟಿ ಹೆಂಗಸು, ಟೀವಿಯಲ್ಲಿ ಬರುವ ಆಸೆ, ಹಳೇ ಕೆಂಪು ಅಂಗಿ ಮೈಗೆ ಹಿಡಿಯುತ್ತಿಲ್ಲ. ಮುಖವನ್ನೂ ಸರಿಯಾಗಿ ನೋಡದ ಡಾಕ್ಟರು ತೂಕ ಇಳಿಸುವ ಮಾತ್ರೆ ಬರೆದುಕೊಡುತ್ತಾನೆ. ಕೊನೆಗೆ ಅವಳ ಭ್ರಮೆಯಲ್ಲಿ ಫ್ರಿಡ್ಜ್ ಅವಳ ಮೇಲೇ ಬರುತ್ತದೆ. ಆ ಮಾತ್ರೆಯಲ್ಲಿರುವ ಉತ್ತೇಜಕ ಆಂಫೆಟಮಿನ್‌ನಿಂದ ತಲೆ ಕೆಡುವುದು ಹೆಚ್ಚುಕಡಿಮೆ ಹಾಗೇ. ನನ್ನ ಬಳಿ ಬರುವ ಅಪ್ಪಂದಿರಿಗೆ ಸೂಜಿಯ ಹುಡುಗ ನೆನಪಿರುತ್ತಾನೆ, ಈ ತಾಯಿಯ ಹೆಸರನ್ನೇ ಎತ್ತುವುದಿಲ್ಲ. ನಾಟಕ ಕಂಪನಿಗಳ ಕಾಲದಿಂದ ಚಟಗಾರ ಎಂದರೆ ನಮಗೆ ತೂರಾಡುವ ಗಂಡಸು. ತಾಯಿ ಆ ಚಿತ್ರದೊಳಗೆ ಕೂರುವುದಿಲ್ಲ.

ತಿಪಟೂರು ಕಡೆಯ ಕೊಬ್ಬರಿ ವ್ಯಾಪಾರಿಯೊಬ್ಬರು (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ) ಮಗನನ್ನು ಬೈಯುತ್ತ ಈ ಸಿನಿಮಾದ ಕಥೆ ಒಪ್ಪಿಸುತ್ತಿದ್ದರು. ಪಕ್ಕದಲ್ಲಿದ್ದ ಅವರ ಹೆಂಡತಿ ಮೆಲ್ಲಗೆ, "ಆ ಅಮ್ಮ ಪಾಪ, ಡಾಕ್ಟ್ರು ಕೊಟ್ಟಿದ್ದನ್ನೇ ತಗೊಂಡಿದ್ಲು" ಎಂದರು. ನೀವೂ ಏನಾದರೂ ತಗೋತೀರಾ ತಾಯಿ ಎಂದೆ. ಗಂಡನ ಕಡೆ ನೋಡಿ ಚೀಲದಿಂದ ಆಲ್ಪ್ರಜೋಲಾಂ ಎಂಬ ಆತಂಕ ತಗ್ಗಿಸುವ ಮಾತ್ರೆಯ ಸ್ಟ್ರಿಪ್ ತೆಗೆದರು. ಎಂದೋ ಬರೆದ ಚೀಟಿ, ಮಡಿಕೆಯಲ್ಲಿ ಹರಿದುಹೋಗಿದೆ, ಮೆಡಿಕಲ್ ಶಾಪ್‌ನವರು ಈಗ ಅದನ್ನೂ ಕೇಳುವುದಿಲ್ಲವಂತೆ. ಅದು ಎಚ್1 ಪಟ್ಟಿಯ ಮಾತ್ರೆ, ಹೊಸ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಆದ್ದರಿಂದ ವಾರಗಟ್ಟಲೆ ಕಾಲು ಕಾಲು ಭಾಗ ಇಳಿಸುತ್ತ ಬಂದೆವು. ಯಜಮಾನರು ಆ ಹೊತ್ತಿನಲ್ಲಿ ಸಿನಿಮಾದ ಮಾತು ನಿಲ್ಲಿಸಿದ್ದರು.

ಇನ್ನೊಂದು ಉಪದ್ರವ. ಆ ತಾಯಿಗೆ ಎಚ್ಚರವಿರುವಾಗಲೇ ಕರೆಂಟ್ ಕೊಡುವ ದೃಶ್ಯವಿದೆ. ಅದನ್ನು ನೋಡಿದ ಮನೆಯವರು ಇಸಿಟಿ (ಮಿದುಳಿಗೆ ಕರೆಂಟ್ ಕೊಡುವ ಚಿಕಿತ್ಸೆ) ಎಂದರೆ ಎದ್ದು ಹೊರಡುತ್ತಾರೆ. ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಕಾಯ್ದೆ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಅದನ್ನು ಕೊಡುವುದನ್ನೇ ನಿಷೇಧಿಸಿದೆ.

ಭಯ ಕೆಲಸ ಮಾಡಿದ್ದೂ ಉಂಟು. ಗುಬ್ಬಿ ಕಡೆಯ ಒಬ್ಬರು, ಬೆಳಗ್ಗೆಯೇ ಶುರು ಮಾಡುವ ಕುಡಿತ. ಮಕ್ಕಳು ಬಲವಂತದಿಂದ ಇಂಥದೇ ಯಾವುದೋ ಚಿತ್ರ ತೋರಿಸಿದರು. ಹೆದರಿ ಅವತ್ತೇ ನಿಲ್ಲಿಸಿದರು. ಮನೆಯವರು ದೇವರಿಗೆ ಕಾಯಿ ಒಡೆದರು. ಮೂರನೇ ದಿನ ಅವರನ್ನು ಕ್ಯಾಷುಯಲ್ಟಿಗೆ ಹೊತ್ತುಕೊಂಡು ಬಂದಾಗ ಹೆಂಡತಿಯ ಗುರುತಿಲ್ಲ, ಮೈಯೆಲ್ಲ ನಡುಕ, ಖಾಲಿ ಗಾಳಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದಾರೆ. ಭಾರೀ ಕುಡುಕರು ಒಮ್ಮೆಗೇ ನಿಲ್ಲಿಸಿದರೆ ಮೊದಲೆರಡು ದಿನದಲ್ಲಿ ಫಿಟ್ಸ್, ಆಮೇಲೆ ಈ ಸನ್ನಿ. ಜೀವ ಹೋಗುವುದೂ ಇದೆ. ಅವರು ಬದುಕಿದರು, ಈಗಲೂ ತಿಂಗಳಿಗೊಮ್ಮೆ ಬಂದು ನನ್ನ ಕನ್ನಡಕವನ್ನು ಗೇಲಿ ಮಾಡಿ ಹೋಗುತ್ತಾರೆ.

ಆದ್ದರಿಂದ, ಬಿಡುವ ಮನಸ್ಸು ಬಂದ ದಿನವೇ ಹತ್ತಿರದ ಆಸ್ಪತ್ರೆಗೆ ಕರೆತನ್ನಿ. ಯಾರನ್ನು ಕೇಳುವುದೋ ಗೊತ್ತಾಗದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ವ್ಯಸನಕ್ಕೇ ಮೀಸಲಾದ 14446 ಇದೆ. ಚಿತ್ರ ನೋಡಲೇಬೇಕೆನಿಸಿದರೆ ಮಗ ಮಲಗಿದ ಮೇಲೆ ಗಂಡ ಹೆಂಡತಿ ಕೂತು ನೋಡಿ, ತಾಯಿಯ ಭಾಗ ಬಂದಾಗ ಫೋನ್ ಕೆಳಗಿಡಿ. ನನ್ನಲ್ಲಿಗೆ ಬರುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ, ಯಾರದ್ದೇ ಆಗಿರಲಿ, ಒಂದು ಕವರಿನಲ್ಲಿ ಹಾಕಿಕೊಂಡು ಬನ್ನಿ.